ಖಾಲಿಯಾಗದ ರಾಶಿ

ವಿನಿಪೆಗ್‌ನ ಆ ಹವಾಮಾನದ ವೆಬ್‌ಸೈಟ್ ಕಚೇರಿಯಲ್ಲಿ ಲೋರ್ನಾ ಫ್ರೀಸನ್ ಹೇಳಿದ್ದೇ ಕೊನೆಯ ಮಾತು, ಜೋವೆಲಿನ್ ಬರುವ ತನಕ. ಫಿಲಿಪೀನ್ಸ್ ಮೂಲದ ಈ ಹುಡುಗಿ ಬಂದದ್ದೇ ಬಂದದ್ದು, ಬಾಸ್ ಗ್ರಹಾಂನ ಬಾಯಲ್ಲಿ ಅವಳದೇ ಜಪ. ಲೋರ್ನಾ ಮನೆಯಲ್ಲಿ ಬೇಯಿಸಿ ತಂದ ಪ್ಲಮ್ ಹಣ್ಣಿನ ಪ್ಲಾಟ್ಸ್ ಕೇಕು ಮೇಜಿನ ಮೇಲೆ ಒಣಗುತ್ತಿತ್ತು. ಜೋವೆಲಿನ್ ತಂದ ಪಾನ್ಸಿಟ್ ಶ್ಯಾವಿಗೆಯ ಡಬ್ಬಿ ಮಾತ್ರ ಕ್ಷಣದಲ್ಲಿ ಖಾಲಿ. ಲೋರ್ನಾಳಿಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಸಾಲದ್ದಕ್ಕೆ, ಲೋರ್ನಾ ಬರೆದಿದ್ದ ಎಣಿಕೆಯ ಪ್ರೋಗ್ರಾಮನ್ನೇ ಹೊಸದಾಗಿ ಬರೆಯಲು ಗ್ರಹಾಂ ಜೋವೆಲಿನ್‌ಗೆ ಹೇಳಿದ. ದಿನಕ್ಕೆ ಎಷ್ಟು ಮಂದಿ ಸೈಟಿಗೆ ಬಂದರೆಂದು ಲೆಕ್ಕ ಹಾಕುವ ಕೆಲಸ ಅದು. ಒಬ್ಬರನ್ನೇ ಎರಡು ಸಲ ಎಣಿಸಬಾರದೆಂದರೆ ಬಂದವರ ಗುರುತನ್ನೆಲ್ಲ ಸರ್ವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು, ಗಡುವು ಮುಗಿದ ಹಳೆಯದನ್ನು ಆಗಾಗ ಅಳಿಸಬೇಕು. ಇಲ್ಲದಿದ್ದರೆ ಮೆಮೊರಿ ತುಂಬಿ ಸೈಟೇ ಮಲಗುತ್ತದೆ.

ಬೇರೊಬ್ಬರು ಓದಿ ಒಪ್ಪದೆ ಅಲ್ಲಿ ಯಾರ ಕೋಡೂ ಹೊರಬೀಳುವಂತಿಲ್ಲ. ಜೋವೆಲಿನ್ ಬರೆದದ್ದನ್ನು ಓದುವ ಕೆಲಸ ಲೋರ್ನಾಳ ಪಾಲಿಗೆ ಬಂತು.

"ಅಕ್ಕಾ, ಅಳಿಸೋ ಗಡುವಿನ ಜಾಗ ಸ್ವಲ್ಪ ನೋಡ್ತೀರಾ? ನಂಗ್ಯಾಕೋ ಅನುಮಾನ," ಎಂದಳು ಜೋವೆಲಿನ್. ಹಿರಿಯಳನ್ನು ಅಕ್ಕ ಎನ್ನುವುದು ಅವಳ ಕಡೆಯವರ ರೂಢಿ. ಅದೂ ಲೋರ್ನಾಳ ಮೈ ಉರಿಸುತ್ತಿತ್ತು.

ಓದಿದ ಕೂಡಲೇ ತಪ್ಪು ಕಣ್ಣಿಗೆ ಬಿತ್ತು. ಲೋರ್ನಾ ದಿನಕ್ಕೊಂದು ರಾಶಿ ಮಾಡಿ ಹಳೆಯ ರಾಶಿಯನ್ನು ಅಳಿಸುತ್ತಿದ್ದಳು. ಜೋವೆಲಿನ್ ಎಲ್ಲರನ್ನೂ ಒಂದೇ ರಾಶಿಗೆ ಹಾಕಿದ್ದಳು. ಹೊಸಬರೊಬ್ಬರು ಬಂದಾಗಲೆಲ್ಲ ಇಡೀ ರಾಶಿಯ ಗಡುವು ಮತ್ತೆ ಮೊದಲಿನಿಂದ ಶುರು. ಜನ ಬರುತ್ತಲೇ ಇದ್ದರೆ ಗಡುವು ಮುಗಿಯುವುದು ಯಾವಾಗ?

ಲೋರ್ನಾ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆಚೆಯಿಂದ ಗ್ರಹಾಂ, ಬಾಯಿತುಂಬ ಪಾನ್ಸಿಟ್ ಇಟ್ಟುಕೊಂಡು, "ಜೋವೆಲಿನ್, ಬಂಗಾರ ಕಣಮ್ಮ ನೀನು!" ಎಂದ.

"ಚೆನ್ನಾಗಿದೆ," ಎಂದು ಲೋರ್ನಾ ಒಪ್ಪಿಗೆ ಒತ್ತಿಬಿಟ್ಟಳು. ಮುಗ್ಗರಿಸಲಿ, ಎಲ್ಲರೂ ನೋಡಲಿ.

ಹಿಮಗಾಳಿ ಎದ್ದ ದಿನ ಊರಿಗೆ ಊರೇ ಸೈಟಿಗೆ ಮುಗಿಬಿತ್ತು. ಮಧ್ಯಾಹ್ನದ ಹೊತ್ತಿಗೆ ಸೈಟು ಮಲಗಿತು. ಯಾವ ರಸ್ತೆ ತೆರೆದಿದೆ ಎಂದು ತಿಳಿಯದೆ ಜನ ಕಚೇರಿಗೆ ಫೋನ್ ಮಾಡಿ ಉಗಿದರು.

ಸಂಜೆ ಸಭೆ. ಇಂಥ ಸಭೆಯಲ್ಲಿ ಯಾರನ್ನೂ ದೂರಬಾರದು, ಆದದ್ದನ್ನಷ್ಟೇ ಹೇಳಬೇಕು ಎಂಬುದು ಅವರ ಕಟ್ಟಳೆ.

"ತಪ್ಪು ನಂದೇ," ಎಂದಳು ಜೋವೆಲಿನ್, ಕಣ್ಣೊರೆಸಿಕೊಂಡು. "ಅನುಮಾನ ಇತ್ತು. ಅಕ್ಕ ಸರಿ ಇದೆ ಅಂದ್ಮೇಲೆ ಬಿಟ್ಬಿಟ್ಟೆ."

"ಬಿಡಮ್ಮ," ಎಂದ ಗ್ರಹಾಂ. "ಲೋರ್ನಾಗೇ ಗೊತ್ತಾಗ್ಲಿಲ್ಲ. ನಿಂಗೆ ಅನುಮಾನ ಆದ್ರೂ ಬಂತು. ಲೋರ್ನಾ, ಬೇಜಾರ್ ಮಾಡ್ಕೋಬೇಡಿ, ಇನ್ಮೇಲೆ ನಿಮ್ಮ ಕೋಡನ್ನೂ ಇವಳಿಗೊಂದ್ಸಲ ತೋರಿಸ್ಬಿಡಿ."

ಲೋರ್ನಾ ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಹುಡುಗಿಯೆದುರು ದಡ್ಡಿ ಎನಿಸಿಕೊಳ್ಳುವುದೆ?

"ಗೊತ್ತಾಗ್ಲಿಲ್ಲ ಅಂತ ಯಾರ್ರೀ ಹೇಳಿದ್ದು? ಓದಿದ ತಕ್ಷಣ ಗೊತ್ತಾಯ್ತು ನಂಗೆ!"

ಗ್ರಹಾಂ ತಲೆ ತಗ್ಗಿಸಿದ. ಜೋವೆಲಿನ್ ಮಾತ್ರ ಲೋರ್ನಾಳ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ಗೊತ್ತಿದ್ದೂ ಚೆನ್ನಾಗಿದೆ ಅಂದ್ರಾ?"