ನಾಜೂಕು ಹೊಟ್ಟೆ

ಸುರಪುರದ ಕಾಲೇಜಿನಲ್ಲಿ ಜೊತೆಗೆ ಪಾಠ ಮಾಡುವ ಕಾಂತೇಶನನ್ನು ಭೀಮಾಶಂಕರ ರಜೆಯಲ್ಲಿ ಹೈದರಾಬಾದಿಗೆ ಎಳೆದುಕೊಂಡು ಹೋಗಿದ್ದ. ಯಾರೂ ತಿನ್ನದ್ದನ್ನು ತಿನ್ನಬೇಕೆಂಬ ಹುಚ್ಚು ಭೀಮಾಶಂಕರನಿಗೆ. ಮನೆಯೊಳಗೆ ತತ್ತಿಯನ್ನೂ ಬಿಟ್ಟುಕೊಳ್ಳದ ಲಿಂಗಾಯತರ ಮಗ, ಅಲ್ಲಿ ಮೊದಲ ದಿನ ಜಪಾನಿನ ಹಸಿ ಮೀನು ತಿಂದ. ಮರುದಿನ ಕೊರಿಯಾದ ಹೋಟೆಲು ಹುಡುಕಿ, ಹಂದಿಯ ಕರುಳಿಗೆ ನೆತ್ತರು ತುಂಬಿ ಬೇಯಿಸಿದ್ದನ್ನು ತರಿಸಿದ.

"ತಿನ್ನೋ ಕಾಂತ್ಯಾ! ಇಂಥಾದ್ದು ತಿನ್ನಾಕ ಗುಂಡಿಗಿ ಬೇಕು," ಎನ್ನುತ್ತ ತಟ್ಟೆಯ ಫೋಟೊ ತೆಗೆದು ಗೆಳೆಯರಿಗಷ್ಟೇ ಕಳಿಸಿದ. ಅಪ್ಪನಿಗೆ ಕಾಣಬಾರದಲ್ಲ.

ಕಾಂತೇಶನ ಅವ್ವ ದೇವಕಮ್ಮ ಆಡಿನ ನೆತ್ತರನ್ನು ಉಳ್ಳಾಗಡ್ಡಿ ಹಾಕಿ ಹುರಿಯುತ್ತಿದ್ದಳು. ಆ ಬುತ್ತಿಯನ್ನು ಅವನು ಶಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಂಡಿದ್ದ. ಗುಂಡಿಗೆಯ ಮಾತು ಆಗ ಯಾರೂ ಆಡಿರಲಿಲ್ಲ. ಅಂದದ್ದೇ ಬೇರೆ.

ಊರಿಗೆ ಮರಳಿದ ದಿನ ಭೀಮಾಶಂಕರ ಬೈಕಿನಲ್ಲಿ ಕಾಂತೇಶನನ್ನು ದಲಿತರ ಕೇರಿಯ ಅವನ ಮನೆಯ ತನಕ ಬಿಟ್ಟ. ದೇವಕಮ್ಮ ಇಂಥ ಮಂದಿಗೆಂದೇ ತೆಗೆದಿಟ್ಟ, ಮನೆಯವರು ಯಾರೂ ಬಾಯಿ ಹಚ್ಚದ ಕಪ್ಪಿನಲ್ಲಿ ಚಹಾ ತಂದಳು. ಅವನು ಬೈಕಿನಿಂದ ಇಳಿಯಲೇ ಇಲ್ಲ.

"ಬ್ಯಾಡ್ರಿ ಯವ್ವಾ. ಹೊರಗಿಂದು ನನ್ನ ಹೊಟ್ಟಿಗಿ ಆಗಿಬರಂಗಿಲ್ಲ."

"ಅಯ್ಯ ಪಾಪ, ಭಾಳ ನಾಜೂಕು ಹೊಟ್ಟಿ ನೋಡು," ಎಂದು ಅವಳು ನಿಜವಾಗಿಯೇ ಮರುಗಿದಳು.

ಕಾಂತೇಶ ಅವ್ವನ ಕೈಯಿಂದ ಆ ಕಪ್ಪು ಇಸಿದುಕೊಂಡು, ಭೀಮಾಶಂಕರನ ಎದುರಿಗೇ ಗುಟುಕು ಹೀರಿದ.

"ಹೌದವ್ವಾ," ಅಂದ, "ಸುರಪುರಕ್ಕ ಬಂದಾಗಷ್ಟ ನಾಜೂಕು ಆಗ್ತದ."