ಪಾಕದ ಡಬ್ಬಿ

ವರ್ಷದ ಮೊದಲ ಹಣ್ಣನ್ನು ಪಾಲೀನಾಳ ಮನೆಯವರು ಹಣ್ಣು ಕೀಳಲು ಮರುಭೂಮಿಯಲ್ಲಿ ಹೂಡುತ್ತಿದ್ದ ಬೀಡಿನ ಎದುರಿನ, ಮರದೆತ್ತರದ ದೊಡ್ಡ ಹಾಶನ್ ಕಳ್ಳಿಯಿಂದಲೇ ಇಳಿಸುತ್ತಿದ್ದರು. ಅದಾಗದೆ ಬೇರೆ ಯಾವುದಕ್ಕೂ ಕೈ ಹಚ್ಚುತ್ತಿರಲಿಲ್ಲ. ಅದನ್ನು ಗಿಡವೆಂದು ಕರೆದವರೂ ಇಲ್ಲ, ಮನೆಯ ಹಿರಿಯರೆಂದೇ ಎಣಿಸಿ 'ದೊಡ್ಡವರು' ಎನ್ನುತ್ತಿದ್ದರು. ಆ ಜೂನ್‌ನಲ್ಲಿ ದೋಟಿ ಹಿಡಿದು ಹತ್ತಿರ ಹೋದ ಪಾಲೀನಾ ನಿಂತಲ್ಲೇ ನಿಂತುಬಿಟ್ಟಳು. ಎದೆಮಟ್ಟದಲ್ಲಿ ಕಾಂಡದ ತುಂಬ ತೂತುಗಳು. ಕಪ್ಪು ರಸ ಸುರಿದು ಬುಡದ ಮಣ್ಣು ನಾರುತ್ತಿತ್ತು.

"ಅಯ್ಯೋ! ಯಾರೋ ಗುಂಡು ಹೊಡೆದಿದ್ದಾರಲ್ಲೇ, ವೆರೋನಾ!"

"ಟೂಸಾನ್ ಪೇಟೆಯ ಪಡ್ಡೆಗಳಿರ್ಬೇಕಮ್ಮ," ಚಪ್ಪರದಡಿ ಕೂತಿದ್ದ ಮಗಳು ಕೂಗಿದಳು. "ಅವರ ಕೈ ಸೇದ್ಹೋಗ!"

ಅಳಿಯ ರೇನಾಲ್ಡೊ ಬೆನ್ನು ತಿರುಗಿಸಿ ಗಾಡಿಯಿಂದ ನೀರಿನ ಕ್ಯಾನು ಇಳಿಸುತ್ತಿದ್ದ.

ಕಾಂಡಕ್ಕೆ ತಂತಿಯಲ್ಲಿ ಬಿಗಿದ ಡಬ್ಬಿಯೊಂದು ಜರಡಿಯಾಗಿ ನೇತಾಡುತ್ತಿತ್ತು. ಪಾಲೀನಾ ತಿರುಗಿಸಿ ನೋಡಿದಳು. ಕಾಫಿ ಡಬ್ಬಿ. ಅದರ ಕೊರಳಿಗೆ ಅವಳದೇ ಹಳೆಯ ಲಂಗದ ಹೂವಿನ ಅಂಚು ಸುತ್ತಿತ್ತು. ಕ್ರಿಸ್‌ಮಸ್‌ಗೆ ಇದೇ ಕಳ್ಳಿಯ ಹಣ್ಣಿನ ಪಾಕ ತುಂಬಿ ಅಳಿಯನ ಕೈಗೇ ಕೊಟ್ಟಿದ್ದ ಡಬ್ಬಿ.

"ಪಾಕ ಮುಗೀತೇನಪ್ಪ?"

ಅವನ ಕೈಯಿಂದ ಕ್ಯಾನು ಜಾರಿತು. "ಗುರಿ ನೋಡ್ತಿದ್ದೆ ಅತ್ತೆ. ಡಬ್ಬಿಗೆ ಹೊಡೆದದ್ದು. ಗಿಡ ತಾನೆ, ಮಾಯ್ಕೊಳ್ಳತ್ತೆ ಅಂದ್ಕೊಂಡೆ."

"ಗಿಡಾನಾ?" ವೆರೋನಾ ದಡಬಡ ಎದ್ದು ಬಂದಳು. "ಹಾಗಾದ್ರೆ ನಿಮ್ಮಜ್ಜಿ ಸೊಂಟಕ್ಕೇ ಡಬ್ಬಿ ಕಟ್ಟಿ ಗುರಿ ನೋಡ್ಬೇಕಿತ್ತು!"

"ಏನೂ ಆಗಿಲ್ಲ ಕಣೇ. ನೋಡು, ಗಟ್ಟಿಯಾಗೇ ಇದೆ." ಅತ್ತೆಯ ಕೈಯಿಂದ ದೋಟಿ ಕಿತ್ತುಕೊಂಡು, ತುದಿಯ ಹಣ್ಣಿಗೆ ಕೊಕ್ಕೆ ಹಾಕಿ ಎಳೆದ.

"ಬೇಡ!" ಎಂದಳು ಪಾಲೀನಾ.

ಒಳಗೆಲ್ಲೋ ಹಸಿ ಬಟ್ಟೆ ಹರಿದಂಥ ಸದ್ದು. ಗಾಳಿಯೇ ಇರಲಿಲ್ಲ. ಕಳ್ಳಿ ಮೆಲ್ಲಗೆ ವಾಲಿ, ಇಡಿಯಾಗಿ ಚಪ್ಪರದ ಮೇಲೆ ಬಿತ್ತು. ವೆರೋನಾ ಈಗಷ್ಟೇ ಕೂತಿದ್ದ ಹಲಗೆ ನುಚ್ಚುನೂರಾಗಿತ್ತು.

ಧೂಳು ಇಳಿಯಿತು. ಪಾಲೀನಾ ಒಡೆದ ಹಣ್ಣೊಂದನ್ನು ಎತ್ತಿದಳು. ತಿನ್ನಲಿಲ್ಲ. ಮಳೆ ಬರಲೆಂದು ಎಂದಿನಂತೆ ಸಿಪ್ಪೆಯ ಕೆಂಪು ಮಗ್ಗುಲನ್ನು ಮೇಲೆ ಮಾಡಿ ಬುಡದಲ್ಲಿಟ್ಟಳು. ಆಮೇಲೆ ಅಳಿಯನತ್ತ ತಿರುಗಿದಳು.

"ಸಾವಾದ್ರೆ ನೆಂಟರಿಗೆ ತಿಳಿಸ್ಬೇಕು. ನಡಿ. ನೀನೇ ಹೇಳ್ಬೇಕು."

ಪಕ್ಕದ ಬೀಡಿನಲ್ಲಿ ಪಾಲೀನಾಳ ದೊಡ್ಡಪ್ಪನ ಮಗಳು ಎರ್ನೆಸ್ಟಿನಾ ಪಾಕ ಕುದಿಸುತ್ತಿದ್ದಳು. "ಬಾ ಅಳಿಯಪ್ಪ, ವಾಸನೆ ಹಿಡ್ಕೊಂಡೇ ಬಂದ್ಯಾ?" ಎಂದು ನಗುತ್ತ ಸೌಟು ಎತ್ತಿದಳು.

"ನಮ್ಮನೇಲಿ... ಒಬ್ರು ಹೋಗ್ಬಿಟ್ರು."

"ಅಯ್ಯೋ ದೇವರೇ! ಯಾರು?"

ರೇನಾಲ್ಡೊ ಅತ್ತೆಯ ಮುಖ ನೋಡಿದ. ಪಾಲೀನಾ ಒಂದು ಹೆಜ್ಜೆ ಹಿಂದೆ ಸರಿದಳು.

"ದೊಡ್ಡವರು," ಎಂದ. "ಕೊಂದಿದ್ದು ನಾನೇ."

ಎರ್ನೆಸ್ಟಿನಾ ಸೌಟನ್ನು ಕೆಳಗಿಟ್ಟು, ಕುದಿಯುತ್ತಿದ್ದ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.