ನಿಂತ ಗಡಿಯಾರ, ಹರಿದ ನೀರು

ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ವಿಲ್ಗರ್‌ಫ್ಲೇ ಊರಿನ ಚರ್ಚಿನ ಗಡಿಯಾರ ನಿಂತಿತು. ಕಾಲುವೆ ದಂಡೆಯಲ್ಲಿ ಸನಿಕೆ ಹಿಡಿದು ನಿಂತಿದ್ದ ಮೀಟಾಗೆ ಅದು ತಿಳಿಯಲಿಲ್ಲ. ವಾರಕ್ಕೊಮ್ಮೆ, ಹತ್ತೂವರೆಯಿಂದ ಹನ್ನೊಂದರವರೆಗೆ ಅವಳ ನೀರಿನ ಸರದಿ.

ಊರಿನ ನೀರು ಹಂಚಿಕೆ ಮೊದಲಿನಿಂದಲೂ ಆ ಗಡಿಯಾರದ ಲೆಕ್ಕದಲ್ಲೇ. ಅದು ಎಂಟು ನಿಮಿಷ ಹಿಂದೆ ಓಡಿದರೆ ನೀರೂ ಎಂಟು ನಿಮಿಷ ತಡ. ಉಣ್ಣೆ ತೊಳೆಯುವ ಕಾರ್ಖಾನೆ ಮುಚ್ಚಿ, ಆಮೇಲೆ ರೈಲೂ ನಿಂತಾಗ ಮನೆಗಳ ಬೆಲೆ ನೆಲಕಚ್ಚಿತ್ತು. ಗಂಡನಿಗೆ ರೈಲ್ವೆ ಕೊಟ್ಟ ಕೊನೆಯ ಹಣದಲ್ಲಿ ಮೀಟಾ ಕಾಲುವೆ ಪಕ್ಕದ ಈ ಮನೆ ಕೊಂಡಳು. ಹಿಂದೆ ಬಿಳಿಯರ ಸರ್ಕಾರ ಮೈಬಣ್ಣದ ಕಾರಣಕ್ಕೆ ಅವಳ ತಾಯಿಯನ್ನು ಒಕ್ಕಲೆಬ್ಬಿಸಿ ಕಳಿಸಿದ್ದ ಕೆಳಗಿನ ಕೇರಿಗೆ ಕಾಲುವೆಯೇ ಇರಲಿಲ್ಲ. ಈಗ ಅವಳು ಬೆಳೆಯುವ ಬೀನ್ಸ್, ಈರುಳ್ಳಿ ಊರಿನ ಅತಿಥಿಗೃಹಗಳಿಗೆ ಹೋಗುತ್ತವೆ. ಒಂದು ಹಂಗಾಮಿನಲ್ಲಿ ಮೂರು ಸರದಿ ತಪ್ಪಿದರೆ ನೀರಿನ ಹಕ್ಕು ಹೋಗುತ್ತದೆ. ಅವಳಿಗೆ ಎರಡು ತಪ್ಪಿದ್ದವು.

ತಲೆಯೆತ್ತಿದಾಗಲೆಲ್ಲ ಹತ್ತು ಇಪ್ಪತ್ತು. ಅನುಮಾನ ಬಂತು. ಮೊಬೈಲ್ ಮೊಮ್ಮಗಳ ಹತ್ತಿರವಿತ್ತು. ಹಿಂದೊಮ್ಮೆ ಐದು ನಿಮಿಷ ಮೊದಲೇ ತೂಬು ಎತ್ತಿದ್ದಕ್ಕೆ ಅವಳ ಗಂಡನನ್ನು ಚರ್ಚಿನ ಮೆಟ್ಟಿಲ ಮೇಲೆ ಕಳ್ಳ ಅಂದಿದ್ದರು. ಅವಳು ಕಾದಳು.

ಊರಿನವರೆಲ್ಲ ಊಮ್, ಅಂದರೆ ಮಾಮ, ಎಂದೇ ಕರೆಯುವ ನೀರುಗಂಟಿ ಫೀಲೀಸ್ ಸೈಕಲ್ ತಳ್ಳಿಕೊಂಡು ಬಂದ, ಕೈಗಡಿಯಾರ ನೋಡಿದ.

"ಏನಕ್ಕಾ ಸಿಸ್ ಮೀಟಾ, ಮದುವೆ ಗಂಡಿಗೆ ಕಾಯ್ತಿದೀಯಾ? ಹನ್ನೊಂದು ದಾಟಿ ಐದು ನಿಮಿಷ ಆಯ್ತು."

"ತಮಾಷೆ ಬೇಡ ಊಮ್ ಫೀಲೀಸ್. ಮೇಲೆ ನೋಡಿ."

ಅವನು ನೋಡಿದ. ನಗು ಮಾಯವಾಯಿತು. "ಅಯ್ಯೋ, ಅದು ಸತ್ತು ಕೂತಿದೆಯಲ್ಲ!"

"ಹಂಗಾದ್ರೆ ಈಗ ಎತ್ತಲಾ?"

"ಈಗ ಶಾಲೆ ಸರದಿ. ಇದು ನಿಂದು ಮೂರನೇದು ಅಲ್ವಾ?"

"ಮೊದಲ್ನೇದು ನನ್ನ ಗಂಡನ್ನ ಮಣ್ಣು ಮಾಡಿದ ದಿನ. ಎರಡನೇದು ನಾನು ಆಸ್ಪತ್ರೆಯಲ್ಲಿದ್ದೆ. ಅದನ್ನೂ ಬರ್ಕೊಂಡಿದ್ರಾ?"

"ನಾನು ಬರೆಯೋನು ಅಷ್ಟೇ ಕಣಮ್ಮ."

"ಸರಿ, ಇದನ್ನೂ ಬರ್ಕೊಳ್ಳಿ. ಚರ್ಚಿನ ಗಡಿಯಾರವೇ ಲೆಕ್ಕ ಅಂತ ಪುಸ್ತಕದಲ್ಲಿದೆ. ಆ ಪ್ರಕಾರ ನನ್ನ ಸರದಿ ಇನ್ನೂ ಶುರುವೇ ಆಗಿಲ್ಲ."

ಮೇಲಿನ ಮನೆಯ ಥೆರೋನ್ ಜಗಲಿಯಿಂದಲೇ, ಚಿಕ್ಕಮ್ಮ ಅನ್ನುವ ಅರ್ಥದ 'ಟನ್ನಿ' ಸೇರಿಸಿ ಕೂಗಿದ: "ಎಲ್ಲರ ಹತ್ರಾನೂ ಫೋನ್ ಇರತ್ತಲ್ಲ, ಟನ್ನಿ!" ಅವನ ಸರದಿ ಹತ್ತೂವರೆಗೇ ಮುಗಿದಿತ್ತು. ಅವನ ಅತಿಥಿಗೃಹದ ಈಜುಕೊಳ ಮಾತ್ರ ಅಂಚಿನವರೆಗೆ ತುಂಬಿತ್ತು. ನೀರು ಸಮಿತಿಯಲ್ಲಿ ಅವನೂ ಸದಸ್ಯ.

ಫೀಲೀಸ್ ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡ.

ಗುರುವಾರ ಸಮಿತಿ ಅದನ್ನು ಓದಿಸಿ ಕೇಳಿತು. ಇನ್ನು ಮುಂದೆ ಮೊಬೈಲ್ ಸಮಯವೇ ಲೆಕ್ಕವೆಂದು ನಿರ್ಧರಿಸಿತು. ಈ ಮಂಗಳವಾರದ್ದು ತಪ್ಪಿದ ಮೂರನೇ ಸರದಿಯೆಂದು ಮೀಟಾಳ ನೀರಿನ ಹಕ್ಕು ರದ್ದಾಯಿತು. ಮುಂದಿನ ಮಂಗಳವಾರ ಥೆರೋನನ ತೂಬು ಹನ್ನೊಂದು ಗಂಟೆಯವರೆಗೆ ತೆರೆದಿತ್ತು.